ದೂರದಿಂದ ಬರುವ ಸಣ್ಣ ಅಲೆ

ಕರ್, ಕರ್, ಕರ್. ತೆಂಗಿನಕಾಯಿ ತುರಿಯುವ ಸದ್ದಿಗಿಂತ ಮಂದ, ಬಾಗಿಲಿಗೆ ಉಪ್ಪುಕಾಗದ ಉಜ್ಜುವುದಕ್ಕಿಂತ ಮೆತ್ತಗೆ. ಚಂದ್ರಾ ಲೇಔಟಿನ ನನ್ನ ಮಗಳ ಮನೆಗೆ ಹೋದಾಗಲೆಲ್ಲ ಭಾನುವಾರ ಬೆಳಗ್ಗೆ ತಾರಸಿಯಿಂದ ಆ ಸದ್ದು ಇಳಿದು ಬರುತ್ತಿತ್ತು. ಮೇಲೆ ಹೋಗಿ ನೋಡಿದರೆ ಅವಳು ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ತನಗಿಂತ ಉದ್ದದ ಸರ್ಫ್ ಬೋರ್ಡಿಗೆ ಮೇಣ ಉಜ್ಜುತ್ತಿರುತ್ತಿದ್ದಳು. ಒದ್ದೆ ಕಾಲು ಜಾರದಿರಲೆಂದು ಹಾಗೆ ಮೇಣ ಹಚ್ಚಬೇಕಂತೆ. ಪಕ್ಕದ ಮನೆಯಾಕೆ ಬಟ್ಟೆ ಒಣಗಿಸುತ್ತ ಕೇಳಿದ್ದು ನೆನಪಿದೆ.

"ಏನ್ ಆಂಟಿ, ನಿಮ್ಮ ಮಗಳು ಇಸ್ತ್ರಿ ಟೇಬಲ್‌ಗೆ ಪಾಲಿಶ್ ಹಾಕ್ತಾ ಇದಾರಾ?"

"ಹೂಂ ಕಣಮ್ಮ, ಸಮುದ್ರಕ್ಕೆ ಇಸ್ತ್ರಿ ಹಾಕ್ತಾಳಂತೆ," ಎಂದಿದ್ದೆ ನಾನು.

ನನ್ನ ಮಗಳು ವಿಜಯನಗರದ ಒಂದು ಶಾಲೆಯಲ್ಲಿ ಫಿಸಿಕ್ಸ್ ಟೀಚರ್. ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ಮಕ್ಕಳಾಗುವುದಿಲ್ಲ ಎಂದು ಖಚಿತವಾದ ಮೇಲೆ, ಒಂದು ಬೇಸಿಗೆ ರಜೆಯಲ್ಲಿ ಮಂಗಳೂರಿನಾಚೆಯ ಒಂದು ಕಡಲ ತೀರಕ್ಕೆ ಹೋಗಿ ಅಲೆಯ ಮೇಲೆ ನಿಲ್ಲುವುದನ್ನು ಕಲಿತು ಬಂದಳು. ಸುಂಕದಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅಳಿಯನಿಗೆ ನೀರೆಂದರೆ ಭಯ. ಆದರೂ ಪ್ರತಿ ರಜೆಯಲ್ಲಿ ಕಾರಿನ ಮೇಲೆ ಬೋರ್ಡು ಕಟ್ಟಿಕೊಂಡು ಕರೆದುಕೊಂಡು ಹೋಗುತ್ತಿದ್ದ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಾನು ಬಸವೇಶ್ವರನಗರದ ನನ್ನ ಮನೆಯಲ್ಲಿ ಕೂತು ಗೊಣಗುತ್ತಿದ್ದೆ.

ಎರಡೂ ಮನೆಯವರಲ್ಲಿ ಅವಳ ಆಟವನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಒಬ್ಬರೇ, ಅವಳ ಮಾವ, ಅಳಿಯನ ತಂದೆ. ಹೆಗ್ಗನಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಗದ್ದೆಗಳೆಲ್ಲ ಸೈಟುಗಳಾದ ಮೇಲೂ ಪಂಚೆ ಮೇಲೆ ಕಟ್ಟಿಕೊಂಡೇ ಓಡಾಡುತ್ತಿದ್ದವರು. ಒಮ್ಮೆ ಇವರ ಜೊತೆ ಸಮುದ್ರಕ್ಕೆ ಹೋಗಿದ್ದಾಗ ಬೋರ್ಡನ್ನು ತಾವೇ ಹೆಗಲ ಮೇಲೆ ಹೊತ್ತು ತಂದು ಮರಳಿನ ಮೇಲಿಟ್ಟು, "ನಾನೂ ಹಲಗೆ ಮೇಲೆ ನಿಂತೋನೇ ಕಣವ್ವ. ಕೆಸರುಗದ್ದೆ ಮಟ್ಟ ಮಾಡೋವಾಗ ಎತ್ತಿನ ಹಿಂದೆ ಹಿಂಗೇ ನಿಂತ್ಕೊಂಡು ಓಯ್ತಿದ್ದೆ. ಕಾಲು ನೋಡ್ಬ್ಯಾಡ, ಎತ್ತಿನ ಕೊಂಬು ನೋಡು, ಬೀಳಾಕಿಲ್ಲ," ಎಂದರಂತೆ. ಎತ್ತು ಎಲ್ಲಿ ಮಾವ ಎಂದು ಇವಳು ಕೇಳಿದರೆ, "ಮುಂದ್ಗಡೆ ಐತೆ ಅಂದ್ಕೊ," ಎಂದರಂತೆ. ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಆ ಮಾವ ಒಂದು ಚಳಿಗಾಲದಲ್ಲಿ ತೀರಿಕೊಂಡರು. ಅದರ ಬೆನ್ನಿಗೇ ಬಂದ ಬೇಸಿಗೆಯಲ್ಲಿ, ಹಿಂದೊಮ್ಮೆ ವಾಸಿಯಾಗಿದ್ದ ಇವಳ ಕ್ಯಾನ್ಸರ್ ಎರಡನೆಯ ಸಲ ಬಂತು.

ನಾನು ಬಸವೇಶ್ವರನಗರದ ಮನೆಗೆ ಬೀಗ ಹಾಕಿ ಚಂದ್ರಾ ಲೇಔಟಿಗೆ ಬಂದೆ.

ಪ್ರತಿ ಸಲ ಕೀಮೋ ಕೊಟ್ಟ ಮೊದಲ ವಾರ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಎರಡನೆಯ ವಾರ ರಕ್ತದ ಕೌಂಟ್ ಬಿದ್ದು, ಸೋಂಕು ತಗಲೀತೆಂದು ಯಾರನ್ನೂ ಹತ್ತಿರ ಬಿಡುವ ಹಾಗಿರಲಿಲ್ಲ. ಮೂರನೆಯ ವಾರ ಸ್ವಲ್ಪ ಮನುಷ್ಯಳಾಗುತ್ತಿದ್ದಳು. ಹಾಗೆ ಮನುಷ್ಯಳಾದ ಒಂದು ದಿನ, ನಾನು ಮಜ್ಜಿಗೆಯಲ್ಲಿ ಕಲಸಿದ ಅನ್ನ ತಿನ್ನಿಸುತ್ತಿದ್ದಾಗ, ಚಮಚವನ್ನು ಕೈಯಿಂದ ತಡೆದು ಹೇಳಿದಳು.

"ಅಮ್ಮ, ಇನ್ನೊಂದೇ ಒಂದು ಅಲೆ ಸಾಕು ನನಗೆ. ನಿಂತ್ಕೊಳ್ಳೋಕೆ ಆಗಲ್ಲ, ಗೊತ್ತು. ಬೋರ್ಡ್ ಮೇಲೆ ಮಲಗ್ಕೊಂಡೇ ದಡಕ್ಕೆ ಬರ್ತೀನಿ."

ಡಾಕ್ಟರಮ್ಮನನ್ನು ಕೇಳಿದೆ. ಆಕೆ ಫೈಲಿನಿಂದ ತಲೆ ಎತ್ತದೆ, "ಕೌಂಟ್ ಸರಿ ಇದ್ರೆ ಹೋಗ್ಲಿ, ನಾನು ಬೇಡ ಅನ್ನಲ್ಲ," ಎಂದರು. ಮಾವಿನಹಣ್ಣು ತಿನ್ನಬಹುದೇ ಎಂದು ಕೇಳಿದರೂ ಹತ್ತು ಎಚ್ಚರಿಕೆ ಹೇಳುತ್ತಿದ್ದವರು ಸಮುದ್ರಕ್ಕೆ ಹೋಗಲಿ ಎಂದರು. ಆ ಔದಾರ್ಯದಲ್ಲೇ ಉಳಿದದ್ದೆಲ್ಲ ನನಗೆ ಅರ್ಥವಾಯಿತು.

ಆವತ್ತಿನಿಂದ, ಆ ತೀರದ ಅಲೆ, ಗಾಳಿ ಹೇಗಿವೆ ಎಂದು ಫೋನಿಗೆ ಬರುವ ಸರ್ಫ್ ರಿಪೋರ್ಟ್ ಓದುವುದು ನನ್ನ ಕೆಲಸವಾಯಿತು. ಫೋನಿನ ಪರದೆ ನೋಡಿದರೆ ಅವಳಿಗೆ ವಾಕರಿಕೆ ಬರುತ್ತಿತ್ತು. ಬೆಳಗಿನ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ನಾನು ಗಟ್ಟಿಯಾಗಿ ಓದುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

"ಇವತ್ತು ಭರ್ಜರಿಯಾಗಿದೆ ಕಣೇ! ಆರು ಅಡಿ!"

"ಪೀರಿಯಡ್ ಎಷ್ಟಮ್ಮ?"

"ಆರು ಸೆಕೆಂಡು."

"ಅಯ್ಯೋ, ಅದು ಸುಂಕದಕಟ್ಟೆ ಸಿಗ್ನಲ್ ಕಣಮ್ಮ. ಆಟೋ, ಬೈಕು, ಟೆಂಪೋ ಎಲ್ಲಾ ಒಟ್ಟಿಗೆ ನುಗ್ಗೋದು. ಅದರಲ್ಲಿ ನನ್ನ ತಳ್ಳಿಬಿಡ್ತೀಯಾ?"

ಎತ್ತರ ನೋಡಬಾರದು, ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು ಇದೆ ಎಂದು ನೋಡಬೇಕು ಎಂದು ಕಲಿತೆ. ಬಿಡುವು ಕಡಿಮೆಯಿದ್ದರೆ ಅದು ಅಲ್ಲೇ ಹತ್ತಿರದ ಗಾಳಿ ಎಬ್ಬಿಸಿದ ಗೊಂದಲ. ಹದಿನಾಲ್ಕು, ಹದಿನೈದು ಸೆಕೆಂಡು ಬಿಡುವಿದ್ದರೆ ಅದು ಬಹಳ ದೂರದಿಂದ ಬಂದದ್ದು. ಆಫ್ರಿಕಾಕ್ಕಿಂತ ಕೆಳಗೆ, ಹಿಮದ ಸಮುದ್ರದ ಹತ್ತಿರ ಎದ್ದ ಬಿರುಗಾಳಿಯ ಅಲೆ ನಮ್ಮ ಕರಾವಳಿಗೆ ಬರಲು ಒಂದು ವಾರವೇ ಹಿಡಿಯುತ್ತದಂತೆ. ಅದನ್ನು ಸ್ವೆಲ್ ಅನ್ನುತ್ತಾರೆ. "ಬಿರುಗಾಳಿ ಸತ್ತು ಹೋಗಿರುತ್ತೆ ಅಮ್ಮ, ಅದರ ಅಲೆ ಇನ್ನೂ ಬರ್ತಾನೇ ಇರುತ್ತೆ," ಎಂದಳು. ಕ್ಲಾಸಿನಲ್ಲಿ ಪಾಠ ಮಾಡುವ ದನಿಯಲ್ಲೇ ಹೇಳಿದಳು. ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತುಕೊಂಡೆ.

ಗಾಳಿಯ ವಿಷಯದಲ್ಲಿ ನನ್ನ ಕಾನ್ವೆಂಟ್ ವಿದ್ಯೆ ಕೈಕೊಟ್ಟಿತು. ಜಿಯಾಗ್ರಫಿ ಹೇಳಿಕೊಡುತ್ತಿದ್ದ ಸಿಸ್ಟರ್, ಗಾಳಿಗೆ ಅದು ಬರುವ ದಿಕ್ಕಿನ ಹೆಸರೇ ಹೊರತು ಹೋಗುವ ದಿಕ್ಕಿನದಲ್ಲ ಎಂದು ಬೆರಳ ಗಂಟಿಗೆ ರೂಲರಿನಿಂದ ಹೊಡೆದು ಕಲಿಸಿದ್ದರು. ಆದರೆ ಫೋನಿನಲ್ಲಿ ಬಾಣದ ತುದಿ ತೋರಿಸುತ್ತಿದ್ದದ್ದು ಗಾಳಿ ಹೋಗುವ ಕಡೆಗೆ. ಎಷ್ಟೋ ದಿನ ನಾನು ತಿರುವುಮುರುವಾಗಿ ಓದಿ, ಸಮುದ್ರದಿಂದ ನುಗ್ಗುವ ಗಾಳಿಯನ್ನು "ಲ್ಯಾಂಡ್ ಬ್ರೀಜ್, ವೆರಿ ನೈಸ್" ಎಂದು ಹೇಳಿಬಿಟ್ಟೆ. ಬೇಕಾಗಿದ್ದದ್ದು ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ಸಮುದ್ರಕ್ಕೆ ಮೆಲ್ಲನೆ ಬೀಸುವ ಪೂರ್ವದ ಗಾಳಿ. ಅದು ಅಲೆಯ ಮುಖವನ್ನು ನೇವರಿಸಿ ನುಣುಪು ಮಾಡುತ್ತದೆ. ಮಧ್ಯಾಹ್ನದ ಪಡುವಣ ಗಾಳಿ ಅದೇ ಅಲೆಯ ಬೆನ್ನಿಗೆ ಗುದ್ದಿ ನೊರೆ ಮಾಡಿ ಕೆಡವುತ್ತದೆ.

ನೀರಿನ ಏರಿಳಿತಕ್ಕೆ ಮಾತ್ರ ನನಗೆ ಫೋನ್ ಬೇಕಾಗಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಇತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ನೀರು ತುಂಬಾ ಏರಿ ತುಂಬಾ ಇಳಿಯುತ್ತದೆ, ಅಷ್ಟಮಿಯ ಸುತ್ತ ಸೋಮಾರಿಯಾಗಿರುತ್ತದೆ. ಏಕಾದಶಿ, ಸಂಕಷ್ಟಿ ನೋಡಲು ತಂದ ಕ್ಯಾಲೆಂಡರಿನಲ್ಲಿ ನಾನು ಭರತ ಇಳಿತ ನೋಡತೊಡಗಿದೆ.

ಅವಳ ಕೈಕಾಲಿಗೆ ಉಳಿದಿದ್ದ ಶಕ್ತಿಗೆ ದೊಡ್ಡ ಅಲೆ ಆಗುತ್ತಿರಲಿಲ್ಲ. ಎರಡು ಅಡಿಯ ಸಣ್ಣ ಅಲೆ, ಆದರೆ ದೂರದಿಂದ ಬಂದದ್ದು. ನಡುವೆ ಉಸಿರಾಡಲು ಬಿಡುವು. ಮೆಲ್ಲನೆಯ ಪೂರ್ವದ ಗಾಳಿ. ಏರುತ್ತಿರುವ ನೀರು. ಇಷ್ಟೂ ಅವಳ ಆ ಮೂರನೆಯ ವಾರದಲ್ಲಿ, ಕೌಂಟ್ ಚೆನ್ನಾಗಿರುವಾಗಲೇ ಕೂಡಿ ಬರಬೇಕು. ಮಳೆಗಾಲದಲ್ಲಂತೂ ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಕಾದೆವು. ಒಂದು ವಾರದ ಮುಂಚಿನ ಫೋರ್‌ಕಾಸ್ಟ್ ಜಾತಕದ ಹಾಗೆ, ನಂಬಬಾರದು. ಎರಡು ದಿನದ ಮುಂಚಿನದನ್ನು ಮುಕ್ಕಾಲು ಪಾಲು ನಂಬಬಹುದು. ಹಾಗೆಂದು ಅವಳೇ ಹೇಳಿದ್ದಳು.

ಮಳೆ ಹಿಂದೆ ಸರಿದು ಪಿತೃಪಕ್ಷ ಬಂತು. ಒಂದು ಬೆಳಗ್ಗೆ ಕಾಫಿ ಆರುತ್ತಿದ್ದರೂ ಗಮನಿಸದೆ ನಾನು ಓದಿದೆ, ಇನ್ನೊಮ್ಮೆ ಓದಿದೆ. ಎರಡು ಅಡಿ, ಹದಿನೈದು ಸೆಕೆಂಡು, ಪೂರ್ವದ ಗಾಳಿ. ಮಹಾಲಯ ಅಮಾವಾಸ್ಯೆಯ ದಿನ, ಮಾರನೆಯ ದಿನ. ಎರಡು ದಿನ ಪೂರ್ತಿ. ಹಿಂದಿನ ಸಂಜೆಯಷ್ಟೇ ಬಂದ ಬ್ಲಡ್ ರಿಪೋರ್ಟೂ ಚೆನ್ನಾಗಿತ್ತು.

ಅವಳು ಕಣ್ಣು ತೆರೆದಳು. "ಬಾಣ ಸರಿಯಾಗಿ ನೋಡಿದ್ಯಾ ಅಮ್ಮ?"

"ತುದಿ ಸಮುದ್ರದ ಕಡೆಗಿದೆ ಕಣೇ. ಸರಿಯಾಗಿ ನೋಡಿದೀನಿ."

ಆದರೆ ಮಹಾಲಯ ಅಮಾವಾಸ್ಯೆ ಹೆಗ್ಗನಹಳ್ಳಿಯ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ತೀರಿಹೋದವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆ ತುಂಬ ಬಡಿಸಿ, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತಾರೆ. ಆ ವರ್ಷ ಮಾವನ ಮೊದಲ ಎಡೆ. ಇಡಬೇಕಾದವನು ಒಬ್ಬನೇ ಮಗ, ನನ್ನ ಅಳಿಯ. ಕಾರು ಓಡಿಸಬೇಕಾದವನೂ ಅವನೇ. ಫೋನಿನಲ್ಲಿ ಬೀಗಿತ್ತಿ, "ಎಡೆ ಇಕ್ದೆ ಹೊಸಲು ದಾಟ್ಬಾರ್ದು ಕಣಪ್ಪ. ಅದ್ರಾಗೂ ಅಮಾಸೆ ದಿನ ಸೀಕಾದ ಎಣ್ಣು ಮಗೀನ ಕರ್ಕೊಂಡು ಓಯ್ತೀಯಾ?" ಎಂದು ಅತ್ತರು. ಅಳಿಯ ಫೋನ್ ಕೆಳಗಿಟ್ಟು ನನ್ನ ಮುಖ ನೋಡಿದ.

"ಅತ್ತೆ, ನಾನು ಅಮ್ಮನಿಗೆ ಹೇಳ್ತೀನಿ. ಎಡೆ ಮುಂದಿನ ವರ್ಷ ಇಟ್ರಾಯ್ತು. ಇವತ್ತು ಮಧ್ಯಾಹ್ನವೇ ಹೊರಡೋಣ."

ನಾನೂ ಅದನ್ನೇ ಹೇಳಿದೆ. ಮಗಳು ಒಳಗಿನಿಂದ ಕೇಳಿಸಿಕೊಂಡು ಗೋಡೆ ಹಿಡಿದುಕೊಂಡು ಬಂದಳು.

"ಎರಡು ದಿನ ಇದೆಯಲ್ಲ. ಒಂದು ದಿನ ಮಾವನಿಗೆ, ಒಂದು ದಿನ ನನಗೆ. ಎಡೆ ಇಟ್ಟು ಮಧ್ಯಾಹ್ನ ಹೊರಟ್ರೆ ರಾತ್ರಿ ಹೊತ್ತಿಗೆ ಅಲ್ಲಿರ್ತೀವಿ, ಮಾರನೇ ಬೆಳಗ್ಗೆ ನೀರಿಗಿಳೀತೀನಿ."

"ಇದು ಫೋರ್‌ಕಾಸ್ಟ್ ಕಣೇ, ಪ್ರಾಮಿಸ್ ಅಲ್ಲ," ಎಂದೆ.

"ಏನಮ್ಮ, ನನಗೇ ಪಾಠನಾ?" ಎಂದು ನಕ್ಕಳು. ಅವಳು ನಗುವುದನ್ನು ನೋಡಿ ಎಷ್ಟೋ ದಿನವಾಗಿತ್ತು. ಅವಳ ಜಾಗದಲ್ಲಿ ಯಾರಿದ್ದರೂ, ಮುಂದಿನ ವರ್ಷ ತಾವೆಲ್ಲಿರುತ್ತೇವೆಂದು ಗೊತ್ತಿರುವವರು ಯಾರೇ ಆದರೂ, ಸತ್ತವರ ಎಡೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಮಾವಾಸ್ಯೆಯ ಬೆಳಗ್ಗೆ ಹೆಗ್ಗನಹಳ್ಳಿಯ ಮನೆ ತುಂಬ ಒಗ್ಗರಣೆ ಹೊಗೆ. ಮುದ್ದೆ, ಕೋಳಿ ಸಾರು, ಹುರುಳಿಕಾಳು, ಕಜ್ಜಾಯ, ಮಾವನಿಗೆ ಪ್ರಿಯವಾದ ಎಲೆ ಅಡಿಕೆ. ಮಗಳು ತಲೆಗೆ ಸ್ಕಾರ್ಫ್ ಸುತ್ತಿಕೊಂಡು ತಾನೇ ಎಲೆಯ ತುದಿಗೆ ಉಪ್ಪು ಬಡಿಸಿದಳು. ಬಾಗಿಲು ಮುಚ್ಚಿದರು. ನಾವೆಲ್ಲ ಜಗಲಿಯಲ್ಲಿ ಕೂತೆವು. ಬೀಗಿತ್ತಿ ಹಿತ್ತಿಲ ಕಡೆಯಿಂದ ಅಡುಗೆಮನೆಗೆ ಹೋದರು. ಅಷ್ಟರಲ್ಲಿ ನನ್ನ ಫೋನಿಗೆ ಒಂದು ವಿಡಿಯೋ ಬಂತು. ನಾವು ಇಳಿದುಕೊಳ್ಳಬೇಕಿದ್ದ ಕಡಲ ತೀರದ ಮನೆಯಾಕೆ ಕಳಿಸಿದ್ದು.

ಸಮುದ್ರ ತಿಳಿಹಸಿರಾಗಿತ್ತು. ರೂಲರಿನಿಂದ ಗೆರೆ ಎಳೆದ ಹಾಗೆ ಒಂದೊಂದೇ ಅಲೆ ಬರುತ್ತಿತ್ತು, ನಿಧಾನವಾಗಿ ಎದ್ದು, ಒಂದು ಬದಿಯಿಂದ ಮಡಚಿಕೊಳ್ಳುತ್ತ ದಡ ಸೇರುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು. ನಾನು ಇಷ್ಟು ದಿನ ಅಂಕಿಗಳಲ್ಲಿ ಓದಿದ್ದನ್ನು ಮೊದಲ ಸಲ ಕಣ್ಣಿನಿಂದ ನೋಡಿದೆ. ಮಗಳು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

"ಇದೇ ಅಮ್ಮ," ಎಂದಳು. "ನಾಳೆನೂ ಇರುತ್ತೆ."

ಮುಚ್ಚಿದ ಬಾಗಿಲ ಆ ಕಡೆ ಎಡೆ ಆರುತ್ತಿತ್ತು.

ನೆಲಮಂಗಲ ದಾಟಿ, ಹಾಸನ ದಾಟಿ, ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಸಿಗ್ನಲ್ ಇರಲಿಲ್ಲ. ಘಾಟಿ ಇಳಿದ ಮೇಲೆ ಫೋನ್ ತೆರೆದೆ. ಅಂಕಿಗಳು ಬದಲಾಗಿದ್ದವು. ಲಕ್ಷದ್ವೀಪದ ಹತ್ತಿರ ಗಾಳಿಯ ಒತ್ತಡ ಕುಸಿದಿತ್ತಂತೆ. ನಾಳೆಗೆ ಐದು ಅಡಿ, ಏಳು ಸೆಕೆಂಡು. ಬಾಣದ ತುದಿ ನೆಲದ ಕಡೆ ತಿರುಗಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಅವಳು ದಿಂಬಿಗೊರಗಿ ನಿದ್ದೆ ಮಾಡುತ್ತಿದ್ದಳು. ನಾನು ಅಳಿಯನಿಗೆ ಪರದೆ ತೋರಿಸಿದೆ. ಅವನಿಗೆ ಆ ಅಂಕಿಗಳು ಅರ್ಥವಾಗುತ್ತಿರಲಿಲ್ಲ, ನನ್ನ ಮುಖ ಅರ್ಥವಾಯಿತು. ಗಾಡಿ ನಿಲ್ಲಿಸಲಿಲ್ಲ.

ಬೆಳಗ್ಗೆ ಸಮುದ್ರ ಕೆಂಪು ಮಣ್ಣಿನ ನೀರಾಗಿತ್ತು. ಅಲೆ ಎನ್ನುವುದು ಬೇರೆಯಾಗಿ ಕಾಣುತ್ತಲೇ ಇರಲಿಲ್ಲ, ದಡದಿಂದ ದಿಗಂತದವರೆಗೆ ನೊರೆ. ಬೋರ್ಡನ್ನು ಕಾರಿನ ಮೇಲಿಂದ ಇಳಿಸಲೂ ಇಲ್ಲ. ಅಲ್ಲೇ ಉಳಿದು ಕಾದೆವು. ದಿನಾ ಬೆಳಗ್ಗೆ ನಾನು ಓದುವುದು, ಅವಳು ಕೇಳುವುದು, ಗಾಳಿ ಅದೇ. ಅಲ್ಲಿಂದ ಹೊರಡಬೇಕಾದ ದಿನ ಅವಳು ಗಂಡನ ಕೈ ಹಿಡಿದುಕೊಂಡು ಮೊಣಕಾಲು ಮುಳುಗುವವರೆಗೆ ನೀರಿಗಿಳಿದಳು. ನೀರೆಂದರೆ ಹೆದರುವ ಮನುಷ್ಯ ಪ್ಯಾಂಟ್ ಒದ್ದೆ ಮಾಡಿಕೊಂಡು ಅವಳನ್ನು ಹಿಂದಿನಿಂದ ಆತುಕೊಂಡು ನಿಂತಿದ್ದ. ನೊರೆ ಬಂದು ಇಬ್ಬರನ್ನೂ ನೂಕಿತು. ಅವಳು ಹಿಂತಿರುಗಿ ಬಂದು ಮರಳಿನ ಮೇಲೆ ನನ್ನ ಪಕ್ಕ ಕೂತಳು.

"ಇದು ಅಲೆ ಅಲ್ಲಮ್ಮ, ಬರೀ ನೀರು."

ಬೆಂಗಳೂರಿಗೆ ಬಂದ ಮೇಲೆ ಬೀಗಿತ್ತಿ ಚಂದ್ರಾ ಲೇಔಟಿಗೆ ಬಂದರು. ಮಂಚದ ಅಂಚಿನಲ್ಲಿ ಕೂತು, ಸೆರಗಿನ ತುದಿ ತಿರುಚುತ್ತ ಕೇಳಿದರು.

"ಮಗಾ, ಅಮಾಸೆ ದಿನವೇ ಓಗಿದ್ರೆ ನಿಂಗೆ ಅದು ಸಿಕ್ತಿತ್ತಾ?"

"ಇಲ್ಲ ಅತ್ತೆ," ಎಂದಳು ನನ್ನ ಮಗಳು. "ಅವತ್ತೂ ಹಿಂಗೇ ಇತ್ತು."

"ನಿಜವಾಗ್ಲೂ?"

"ಅಮ್ಮನ್ನ ಕೇಳಿ ಬೇಕಾದ್ರೆ. ಅಮ್ಮ ದಿನಾ ನೋಡ್ತಾರೆ."

ಬೀಗಿತ್ತಿ ನನ್ನ ಕಡೆ ತಿರುಗಿದರು. "ಹೌದು ಕಣ್ರೀ, ಅವತ್ತೂ ಏನೂ ಇರ್ಲಿಲ್ಲ," ಎಂದೆ. ವಿಡಿಯೋ ಫೋನಿನಲ್ಲೇ ಇತ್ತು. ಫೋನ್ ನನ್ನ ಮಡಿಲಲ್ಲಿತ್ತು. ಆ ಹೆಂಗಸು ನಿಟ್ಟುಸಿರು ಬಿಟ್ಟು, ತಂದಿದ್ದ ಕಜ್ಜಾಯದ ಡಬ್ಬಿ ತೆರೆದರು.

ಆಮೇಲೆ ಎಲ್ಲವೂ ಕೂಡಿ ಬರಲೇ ಇಲ್ಲ. ಸಮುದ್ರ ತಿಳಿಯಾದಾಗ ಇವಳ ಕೌಂಟ್ ಬಿದ್ದಿರುತ್ತಿತ್ತು. ಇವಳು ಎದ್ದು ಕೂತಾಗ ಸಮುದ್ರ ಕೆರೆಯ ಹಾಗೆ ಸಪಾಟಾಗಿರುತ್ತಿತ್ತು. ದೀಪಾವಳಿ ಕಳೆಯಿತು, ಕಾರ್ತಿಕ ಕಳೆಯಿತು. ಮೂರನೆಯ ವಾರ ಅನ್ನುವುದೇ ಇಲ್ಲವಾಯಿತು. ಒಂದು ದಿನ ಡಾಕ್ಟರಮ್ಮ, ಇನ್ನು ಕೀಮೋ ಬೇಡ ಎಂದರು. ಆ ಹೊತ್ತಿಗೂ ನಾನು ಬೆಳಗ್ಗೆ ಓದುವುದನ್ನು ಬಿಟ್ಟಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಕೆಲವು ಸಲ "ಗಾಳಿ?" ಎಂದು ತುಟಿ ಅಲುಗಿಸುತ್ತಿದ್ದಳು. ಅಷ್ಟು ಸಾಕಾಗಿತ್ತು ನನಗೆ. ಏನನ್ನೋ ಕಾಯುತ್ತಿದ್ದಾಳೆ ಎಂದರೆ ಇನ್ನೂ ಇರುತ್ತಾಳೆ ಎಂದು ನಂಬಿದ್ದೆ. ಫೂಲಿಷ್, ಆದರೂ ನಂಬಿದ್ದೆ.

ಈಗ ಬಸವೇಶ್ವರನಗರದ ಮನೆಯ ಬೀಗ ತೆಗೆದಿದ್ದೇನೆ. ಫೋನಿಗೆ ದಿನಾ ಅದೇ ಅಂಕಿಗಳು ಬರುತ್ತವೆ. ಅದನ್ನು ನಿಲ್ಲಿಸುವುದು ಹೇಗೆಂದು ಅಳಿಯ ತೋರಿಸಿಕೊಟ್ಟ. ನಿಲ್ಲಿಸಿಲ್ಲ. ಓದುತ್ತಲೂ ಇಲ್ಲ. ಎಲ್ಲ ಅರ್ಥವಾಗುತ್ತದೆ, ಇನ್ನು ಯಾತಕ್ಕೂ ಬೇಕಿಲ್ಲ. ಎಪ್ಪತ್ತು ದಾಟಿದ ಮೇಲೆ ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆ ಇದೊಂದೇ.

ಅವಳನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯಲ್ಲಿ, ಬೆಳಗಿನ ವಿಸಿಟಿಂಗ್ ಅವರ್‌ನಲ್ಲಿ. ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಅಳಿಯ, "ನೀವು ಹೋಗಿ ಅತ್ತೆ, ನಾನು ಸಂಜೆ ನೋಡ್ತೀನಿ," ಎಂದ. ಕಾರಿಡಾರಿನಲ್ಲಿ ಕೂತಾಗಲೇ ಫೋನಿನಲ್ಲಿ ಅಂಕಿಗಳನ್ನು ನೋಡಿಕೊಂಡಿದ್ದೆ. ಎರಡು ಅಡಿ, ಹದಿನಾರು ಸೆಕೆಂಡು, ಪೂರ್ವದ ಗಾಳಿ, ಏರುತ್ತಿರುವ ನೀರು. ಹೇಳಲೋ ಬೇಡವೋ ಎಂದು ಒಳಗೆ ಹೋಗುವವರೆಗೂ ತೀರ್ಮಾನವಾಗಿರಲಿಲ್ಲ.

ಅವಳು ಎಚ್ಚರವಾಗಿದ್ದಳು. ತುಟಿ ಒಣಗಿತ್ತು. ಹತ್ತಿಯನ್ನು ನೀರಿನಲ್ಲಿ ಅದ್ದಿ ಒರೆಸಿದೆ. ಕನ್ನಡಕ ಹಾಕಿಕೊಂಡು, ಅಭ್ಯಾಸದಂತೆ ಫೋನ್ ತೆಗೆದೆ. "ಇವತ್ತು..." ಎಂದು ಶುರು ಮಾಡಿದೆ.

ಅವಳು ಹೊದಿಕೆಯ ಮೇಲಿದ್ದ ಕೈಯನ್ನು ಸ್ವಲ್ಪ ಎತ್ತಿದಳು.

"ಬೇಡಮ್ಮ."

"ಓದ್ಲಾ, ಸ್ವಲ್ಪ?"

"ಬೇಡ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಊಟಕ್ಕೆ ಕೂತವರು ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುವಂತೆ ಹೇಳಿದಳು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ನಾನು ಅವಳ ಪಾದದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಪಾದ ತಣ್ಣಗಿತ್ತು. "ಆಂಟಿ, ಟೈಮ್ ಆಯ್ತು," ಎಂದಳು ನರ್ಸ್. ಹೊದಿಕೆಯನ್ನು ಪಾದದ ಮೇಲೆ ಎಳೆದು, ಫೋನನ್ನು ಬ್ಯಾಗಿಗೆ ಹಾಕಿಕೊಂಡು ಎದ್ದೆ. ಬಾಗಿಲ ಹತ್ತಿರ ತಿರುಗಿ ನೋಡಿದೆ. ಕೂದಲು ಆಗಷ್ಟೇ ಮತ್ತೆ ಚಿಗುರುತ್ತಿದ್ದ ಅವಳ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು.